ಸಾಂದಾಳ ಸಹಿ

ಒಂದು ಹತ್ತು ನಿಮಿಷ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ಸ್ಯೂ ಲಾನ್ ಕೆಟ್ಟ ಹೆಂಗಸು ಅಂತ ತೀರ್ಮಾನ ಮಾಡಿಬಿಡುತ್ತೀರಿ, ಅದು ನಿಜವಲ್ಲ. ಪೆನಾಂಗಿನಲ್ಲಿ ಅವಳ ಬೀದಿಗೆ ಹೋಗಿ ಯಾರನ್ನಾದರೂ ಕೇಳಿ, ಪರದೆ ಅಂಗಡಿಯ ಸ್ಯೂ ಲಾನ್ ಒಂದು ಇಂಚು ಬಟ್ಟೆಯಲ್ಲೂ ಮೋಸ ಮಾಡಿದವಳಲ್ಲ ಅನ್ನುತ್ತಾರೆ. ಆಗಿದ್ದು ಹೀಗೆ.

ಬೆಳಗ್ಗೆ ಏಳು ಗಂಟೆ ಅಂದರೆ ಆ ಮನೆಯಲ್ಲಿ ಅಮಾಳನ್ನು ಎತ್ತುವ ಹೊತ್ತು. ಅಮಾ ಎಂದರೆ ಸ್ಯೂ ಲಾನ್‌ಳ ಅತ್ತೆ, ಎಂಬತ್ತೊಂದು ವರ್ಷ. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದಾಗಿನಿಂದ ಅಂಗಡಿಯ ಹಿಂದಿನ ಕೋಣೆಯೇ ಅವಳ ಲೋಕ. ಮನೆಗೆಲಸದ ಸಾಂದಾ ಒಂದು ತೋಳನ್ನು ಮುದುಕಿಯ ಬೆನ್ನ ಹಿಂದೆ, ಇನ್ನೊಂದನ್ನು ಮೊಣಕಾಲ ಕೆಳಗೆ ಹಾಕಿ, ಒಂದು ಎರಡು ಮೂರು ಅಂತ ಎಣಿಸಿ ಎತ್ತಿದರೆ ಅಮಾ ಹತ್ತಿಯ ಗಂಟಿನ ಹಾಗೆ ಕುರ್ಚಿಗೆ ಬರುತ್ತಿದ್ದಳು. ಬೇರೆ ಯಾರು ಮುಟ್ಟಿದರೂ ನೋವು ಅಂತ ಬೈಯುತ್ತಿದ್ದಳು. ಗಂಜಿ ಕೂಡ ಸಾಂದಾ ತಿನ್ನಿಸಿದರೇ ಸೈ.

ಸಾಂದಾ ಬರ್ಮಾದವಳು, ಮೂವತ್ತರ ಆಸುಪಾಸು. ಪೂರ್ತಿ ಹೆಸರು ಮೋ ಸಾಂದಾ. ನಾಲ್ಕು ವರ್ಷದ ಹಿಂದೆ ಏಜೆಂಟ್ ಅವಳನ್ನು ಕರೆತಂದು ಬಿಟ್ಟಾಗ ಅವಳ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡದೆ ಸ್ಯೂ ಲಾನ್‌ಳ ಕೈಗೆ ಕೊಟ್ಟಿದ್ದ, ನಿಮ್ಮ ಹತ್ತಿರವೇ ಇದ್ದರೆ ಭದ್ರ ಅಂತ. ಸ್ಯೂ ಲಾನ್ ಅದನ್ನು ಒಯ್ದು ಕಬ್ಬಿಣದ ಕಪಾಟಿನಲ್ಲಿ ಮನೆ ಪತ್ರ, ಮದುವೆಯ ಬಳೆಗಳ ಜೊತೆ ಇಟ್ಟಳು. ಬೀದಿಯಲ್ಲಿ ಕೆಲಸದವರನ್ನು ಇಟ್ಟುಕೊಂಡ ಎಲ್ಲರ ಮನೆಯಲ್ಲೂ ಹಾಗೆಯೇ. ಅದರಲ್ಲಿ ತಪ್ಪೇನಾದರೂ ಇದೆ ಅಂತ ಅವಳಿಗೆ ಹೊಳೆದೂ ಇರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಸಾಂದಾಗಿಂತ ಮೊದಲು ಇದ್ದ ಹುಡುಗಿ ಎರಡೇ ತಿಂಗಳಿಗೆ ಹೇಳದೆ ಕೇಳದೆ ಹೊರಟುಹೋದಳು. ಆವತ್ತು ಸ್ಯೂ ಲಾನ್ ಪರದೆ ಅಳತೆಗೆ ಅಂತ ಸಮುದ್ರದ ಆಚೆ ದಡದ ಪಟ್ಟಣಕ್ಕೆ ಹೋಗಿದ್ದಳು. ಆಗಲೇ ಕೈಕಾಲು ಸೋತಿದ್ದ ಅಮಾ ಬೆಳಗಿನಿಂದ ಸಂಜೆಯವರೆಗೆ ಒದ್ದೆ ಹಾಸಿಗೆಯಲ್ಲೇ ಮಲಗಿದ್ದಳು. ಆ ವಾಸನೆ ಸ್ಯೂ ಲಾನ್‌ಳ ಮೂಗಿನಿಂದ ಇನ್ನೂ ಹೋಗಿಲ್ಲ. ಆಗ ಅವಳ ತೀರಿಹೋದ ಗಂಡನ ಅಕ್ಕ ಗ್ವಾತ್ ಇಮ್ ಬುದ್ಧಿ ಹೇಳಿದ್ದಳು. "ಪಾಸ್‌ಪೋರ್ಟ್ ಕಪಾಟಲ್ಲಿದ್ರೆ ಹುಡುಗಿ ಅಡುಗೆಮನೇಲಿರ್ತಾಳೆ. ಅಷ್ಟೇ ಕಣೇ." ಗ್ವಾತ್ ಇಮ್ ಹತ್ತು ನಿಮಿಷದ ದಾರಿಯಲ್ಲಿದ್ದಾಳೆ, ಪ್ರತಿ ಭಾನುವಾರ ಹೆತ್ತ ತಾಯಿಗೆ ಕಿತ್ತಳೆ ತಂದುಕೊಟ್ಟು ಅರ್ಧ ಗಂಟೆ ಕೂತು ಹೋಗುತ್ತಾಳೆ.

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಕಥೆಗೆ ಮೋಸವಾಗುತ್ತದೆ. ಅಮಾಳ ಸೊಂಟ ಮುರಿದ ವಾರವೇ ಸಾಂದಾಳ ಊರಿನಿಂದ ಅವಳ ತಮ್ಮನ ಫೋನ್ ಬಂತು, ತಾಯಿ ಉಳಿಯುವ ಹಾಗಿಲ್ಲ ಅಂತ. ಸಾಂದಾ ಹದಿನೈದು ದಿನ ರಜೆ ಕೇಳಿದಳು, ಪಾಸ್‌ಪೋರ್ಟ್ ಕೇಳಿದಳು. ಅಮಾ ಎದ್ದು ಕೂರುವಂತಾಗಲಿ, ನೋಡೋಣ ಅಂದಳು ಸ್ಯೂ ಲಾನ್. ಒಂಬತ್ತನೇ ದಿನ ಸಾಂದಾಳ ತಾಯಿ ತೀರಿಕೊಂಡಳು. ಸ್ಯೂ ಲಾನ್ ಅವಳನ್ನು ತಾನೇ ಬರ್ಮಾದವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ದೀಪ ಹಚ್ಚಿಸಿ ಬಂದಳು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೀಗಿರುವಾಗ ಥಾಯ್ಲೆಂಡಿನ ಹಾಟ್ ಯಾಯ್‌ನಿಂದ ಸುದ್ದಿ ಬಂತು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅಮಾಳ ತಂಗಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಹೋಗಿದೆ, ಇನ್ನೊಂದೂ ಮಸುಕಾಗುತ್ತಿದೆ. ಅಮಾ ಗಂಜಿ ಬಟ್ಟಲನ್ನು ದೂರ ತಳ್ಳಿದಳು.

"ಅವಳ ಕಣ್ಣು ಪೂರ್ತಿ ಹೋಗೋದ್ರೊಳಗೆ ನನ್ನ ಮುಖ ನೋಡ್ಲಿ. ಆಮೇಲೆ ಹೋಗಿ ಏನ್ ಮಾಡ್ಲಿ, ಧ್ವನಿ ಕೇಳ್ಸೋಕೆ ಫೋನ್ ಇದೆಯಲ್ಲ."

ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಮನೆಯವರಿಗೆಲ್ಲ ಗಡಿಯಲ್ಲಿ ಒಂದು ಮುದ್ರೆ ಒತ್ತಿಸಿಕೊಂಡರೆ ಮುಗಿಯಿತು. ಆದರೆ ಸಾಂದಾ ಇಲ್ಲದೆ ಅಮಾಳನ್ನು ಕಾರಿಗೆ ಹತ್ತಿಸುವವರೇ ಇಲ್ಲ, ಸಾಂದಾಗೆ ವೀಸಾ ಬೇಕು. ವೀಸಾ ಅರ್ಜಿ ಇನ್ನೂ ಕಂಪ್ಯೂಟರಿಗೆ ಹೋಗಿರದ ಕಾಲ ಅದು, ಪೆನಾಂಗಿನ ಥಾಯ್ ಕಾನ್ಸುಲೇಟಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು.

ಗ್ವಾತ್ ಇಮ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ. ಹಾಟ್ ಯಾಯ್‌ನಿಂದ ಬರ್ಮಾ ಕಡೆಗೆ ಬಸ್ಸುಗಳಿವೆ, ಅಲ್ಲಿ ಸಾಂದಾಳ ಕಡೆಯವರು ಬೇಕಾದಷ್ಟು ಜನ ಇದ್ದಾರೆ, ಬಿಟ್ಟು ಹೋದರೆ ಅಮ್ಮನನ್ನು ಯಾರು ನೋಡುತ್ತಾರೆ ಅಂತ ಫೋನಿನಲ್ಲಿ ಕೇಳಿದಳು. ನೀನು ನೋಡು ಅಂತ ಹೇಳಬೇಕೆಂದು ಸ್ಯೂ ಲಾನ್‌ಗೆ ನಾಲಿಗೆ ತುದಿಯವರೆಗೆ ಬಂದಿತ್ತು, ಹೇಳಲಿಲ್ಲ. ಗಡಿಯಲ್ಲಿ ಪಾಸ್‌ಪೋರ್ಟ್ ನನ್ನ ಕೈಚೀಲದಲ್ಲೇ ಇರುತ್ತದೆ ಅಂತ ಮಾತ್ರ ಹೇಳಿದಳು.

ಮಂಗಳವಾರ ಬೆಳಗ್ಗೆ ಅಮಾಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಇಬ್ಬರೂ ಹೊರಟರು. ಕಾನ್ಸುಲೇಟಿನ ಎದುರು ಮರದ ಕೆಳಗೆ ಸುಲ್ತಾನ್ ಮಾಮನ ವ್ಯಾನ್ ನಿಂತಿರುತ್ತಿತ್ತು. ವ್ಯಾನಿನ ಹಿಂಬದಿಯಲ್ಲಿ ಜೆರಾಕ್ಸ್ ಯಂತ್ರ, ಫೋಟೊ ತೆಗೆಯಲು ಒಂದು ಬಿಳಿ ಬಟ್ಟೆ, ಅರ್ಜಿ ಫಾರಂಗಳ ಕಟ್ಟು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಅವನ ಕೈಯಲ್ಲೇ ಫಾರಂ ತುಂಬಿಸುತ್ತಿದ್ದರು. ಸ್ಯೂ ಲಾನ್‌ಗೆ ಅದರ ಅಗತ್ಯವಿರಲಿಲ್ಲ, ಹಿಂದಿನ ದಿನವೇ ಎಲ್ಲ ತುಂಬಿ ತಂದಿದ್ದಳು. ಅದರ ಜೆರಾಕ್ಸ್ ತೆಗೆಯುವಾಗ ಮಾಮ ಫಾರಮಿನ ಕೆಳಗೆ ಕಣ್ಣು ಹಾಯಿಸಿದ.

"ಅಕ್ಕಾ, ಇದು ನಿಮ್ಮ ಸಹಿ ಇದ್ದ ಹಾಗಿದೆ."

"ಆಸ್ಪತ್ರೆ, ಪರ್ಮಿಟ್ಟು, ಎಲ್ಲ ಕಡೆ ಅವಳ ಪರವಾಗಿ ನಾನೇ ಹಾಕೋದು ಮಾಮ."

"ಸರಿ ಹೋಗಿ. ಇನ್ನೊಂದು ಫಾರಂ ತೆಗೆದಿಟ್ಟಿರ್ತೀನಿ."

ಒಳಗೆ ಸಾಲು ಉದ್ದವಿತ್ತು. ಕಿಟಕಿಯ ಹಿಂದೆ ಕನ್ನಡಕ ಹಾಕಿದ ಥಾಯ್ ಹೆಂಗಸೊಬ್ಬರು ಅವಸರವಿಲ್ಲದೆ ಹಾಳೆ ತಿರುವುತ್ತಿದ್ದರು. ಇವರ ಸರದಿ ಬಂದಾಗ ಪಾಸ್‌ಪೋರ್ಟಿನ ಸಹಿ ನೋಡಿದರು, ಫಾರಮಿನ ಸಹಿ ನೋಡಿದರು, ಆಮೇಲೆ ಇಬ್ಬರ ಮುಖ ನೋಡಿದರು. ಅರ್ಜಿ ಹಾಕುತ್ತಿರುವುದು ಯಾರು ಅಂತ ಮಲಯ ಭಾಷೆಯಲ್ಲಿ ಕೇಳಿದರು. ಇವಳೇ, ನಮ್ಮ ಮನೆಯ ಹುಡುಗಿ ಅಂದಳು ಸ್ಯೂ ಲಾನ್. ಹಾಗಿದ್ದರೆ ಅವರೇ ತುಂಬಲಿ, ಅವರೇ ಸಹಿ ಹಾಕಲಿ ಅಂತ ಪಾಸ್‌ಪೋರ್ಟು, ಫಾರಂ ಎರಡನ್ನೂ ವಾಪಸ್ ತಳ್ಳಿದರು. ತಳ್ಳಿದ್ದು ಸಾಂದಾಳ ಕಡೆಗೆ.

ಹೊರಗೆ ಬಂದಾಗ ಸುಲ್ತಾನ್ ಮಾಮ ತೆಗೆದಿಟ್ಟಿದ್ದ ಫಾರಂ ಚಾಚಿದ. ಅದು ಸ್ಯೂ ಲಾನ್‌ಗೆ ಕುಟುಕಿತು.

ವ್ಯಾನಿನ ಹಲಗೆಯ ಮೇಲೆ ಸಾಂದಾ ಬರೆಯಲು ಕೂತಳು. ಮೊದಲು ಪಾಸ್‌ಪೋರ್ಟ್ ಬಿಡಿಸಿ ತನ್ನ ಫೋಟೊವನ್ನೇ ನೋಡಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಆಗ ಎಷ್ಟು ದಪ್ಪ ಇದ್ದೆ ಅಕ್ಕಾ," ಅಂತ ನಕ್ಕಳು.

ಸ್ಯೂ ಲಾನ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ತಾನು ತುಂಬಿದ್ದ ಫಾರಮಿನಲ್ಲಿ ಖಾಯಂ ವಿಳಾಸದ ಜಾಗಕ್ಕೆ ಅವಳು ತನ್ನ ಪರದೆ ಅಂಗಡಿಯ ವಿಳಾಸ ಬರೆದಿದ್ದಳು, ಬೇರೆ ಯಾವುದೂ ಗೊತ್ತಿರಲಿಲ್ಲ. ಈಗ ಅದೇ ಜಾಗದಲ್ಲಿ ಸಾಂದಾ ಅಕ್ಷರಕ್ಕೆ ಅಕ್ಷರ ಜೋಡಿಸಿ ಬರೆಯುತ್ತಿದ್ದಳು. ಒಂದು ಹಳ್ಳಿ, ಒಂದು ತಾಲ್ಲೂಕು, ಒಂದು ಜಿಲ್ಲೆ. ಜಾಗ ಸಾಲದೆ ಅಂಚಿನಲ್ಲೂ ಬರೆದಳು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವಳ ಊರಿನ ಹೆಸರನ್ನು ಸ್ಯೂ ಲಾನ್ ಆ ಅಂಚಿನಲ್ಲಿ ಓದಿದಳು. ಕೊನೆಗೆ ಸಾಂದಾ ಸಹಿ ಹಾಕಿದಳು. ದುಂಡು ದುಂಡು ಬರ್ಮಾ ಅಕ್ಷರ, ಕೆಳಗೆ ಒಂದು ಸಣ್ಣ ಗೆರೆ.

ಮತ್ತೆ ಕಿಟಕಿಗೆ ಹೋದಾಗ ಆ ಹೆಂಗಸು ಫಾರಂ ಸರಿಯಿದೆ ಅಂದರು. ಎರಡು ಪ್ರಶ್ನೆ ಇವರನ್ನೊಬ್ಬರನ್ನೇ ಕೇಳಬೇಕು, ನೀವು ಹಿಂದೆ ಕೂತಿರಿ ಅಂತ ಸ್ಯೂ ಲಾನ್‌ಗೆ ಹೇಳಿದರು.

ಬೆಂಚಿನ ಮೇಲೆ ಕೂತ ಆ ಮೂರು ನಿಮಿಷ ಸ್ಯೂ ಲಾನ್‌ಗೆ ಮೂರು ಗಂಟೆಯಾಯಿತು. ಸಾಂದಾಳ ಬೆನ್ನು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಏನು ಬೇಕಾದರೂ ಹೇಳಬಹುದಿತ್ತು ಅವಳು. ತಾಯಿಯ ವಿಷಯ ಹೇಳಬಹುದಿತ್ತು, ಕಪಾಟಿನ ವಿಷಯ ಹೇಳಬಹುದಿತ್ತು. ಆ ಹೆಂಗಸು ಒಮ್ಮೆ ಕನ್ನಡಕ ತೆಗೆದು ಸ್ಯೂ ಲಾನ್‌ಳ ಕಡೆ ನೋಡಿದರು, ಮತ್ತೆ ಹಾಕಿಕೊಂಡರು. ಆಮೇಲೆ ಒಂದು ಗುಲಾಬಿ ಚೀಟಿ ಹರಿದು ಸಾಂದಾಗೆ ಕೊಟ್ಟರು. ನಾಳೆ ಮಧ್ಯಾಹ್ನ ಚೀಟಿ ತಂದವರಿಗಲ್ಲ, ಚೀಟಿಯಲ್ಲಿ ಹೆಸರಿದ್ದವರಿಗೇ ಪಾಸ್‌ಪೋರ್ಟ್ ಕೊಡುವುದು ಅಂತ ಬೆಂಚಿನವರೆಗೂ ಕೇಳುವಂತೆ ಹೇಳಿದರು.

ಮನೆಗೆ ಬಂದಾಗ ಮಧ್ಯಾಹ್ನ. ಗ್ವಾತ್ ಇಮ್ ಎರಡು ಸಲ ಫೋನ್ ಮಾಡಿ ಚೀಟಿಯನ್ನಾದರೂ ಇಸಕೊಂಡು ಇಟ್ಟುಕೋ ಅಂದಳು. ಸ್ಯೂ ಲಾನ್ ಹಿಂದಿನ ಕೋಣೆಗೆ ಹೋದಳು. ಸಾಂದಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಮಾಳ ಕಾಲು ಒರೆಸುತ್ತಿದ್ದಳು. ಅಮಾಗೆ ಆಗಲೇ ತೂಕಡಿಕೆ.

"ಅಲ್ಲಿ ಏನು ಕೇಳಿದ್ರು ನಿನ್ನ?"

"ಯಾರಾದ್ರೂ ಬಲವಂತ ಮಾಡಿ ಕರ್ಕೊಂಡು ಹೋಗ್ತಿದಾರಾ ಅಂತ ಕೇಳಿದ್ರು. ಇಲ್ಲ ಅಂದೆ. ಪಾಸ್‌ಪೋರ್ಟ್ ಯಾರ ಹತ್ರ ಇರುತ್ತೆ ಅಂತ ಕೇಳಿದ್ರು." ಸಾಂದಾ ಬಟ್ಟೆ ಹಿಂಡಿದಳು. "ನನ್ನ ಹತ್ರಾನೇ ಇರುತ್ತೆ ಅಂದೆ."

"ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ವೀಸಾ ಕೊಡ್ತಿದ್ರೋ ಇಲ್ವೋ. ಅಮಾ ತಂಗಿ ಮುಖ ನೋಡ್ಬೇಕಲ್ಲ ಅಕ್ಕಾ." ಅವಳು ತಲೆ ಎತ್ತಲಿಲ್ಲ. "ಈ ಮನೇಲಿ ಒಬ್ರಾದ್ರೂ ಹೋಗಿ ನೋಡ್ಲಿ."

ದೂರುವ ಧ್ವನಿಯಲ್ಲ ಅದು. ಉಪ್ಪು ಮುಗಿದಿದೆ ಅಂತ ಹೇಳುವ ಹಾಗೆ ಹೇಳಿ ಇನ್ನೊಂದು ಕಾಲು ಒರೆಸಲು ಶುರುಮಾಡಿದಳು. ಸ್ಯೂ ಲಾನ್ ಚೀಟಿ ಕೇಳದೆ ಅಂಗಡಿಗೆ ಬಂದು ಯಂತ್ರದ ಮುಂದೆ ಕೂತಳು. ಆ ಸಂಜೆ ಹೊಲಿದ ಪರದೆಯ ಅಂಚು ಸೊಟ್ಟಗಾಯಿತು, ಎಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮರುದಿನ ಮಧ್ಯಾಹ್ನ ಸಾಂದಾ ಒಬ್ಬಳೇ ಒಳಗೆ ಹೋದಳು. ಸ್ಯೂ ಲಾನ್ ಸುಲ್ತಾನ್ ಮಾಮನ ಮರದ ಕೆಳಗೆ ಕಾದಳು. ಸ್ವಲ್ಪ ಹೊತ್ತಿಗೆ ಸಾಂದಾ ವೀಸಾ ಅಂಟಿಸಿದ ಹಾಳೆಯನ್ನು ಬೆರಳಿನಿಂದ ಸವರುತ್ತಾ ಬಂದಳು. ಹತ್ತಿರ ಬಂದವಳು ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಸ್ಯೂ ಲಾನ್‌ಳ ಮುಂದೆ ಚಾಚಿದಳು. ಯಾರೂ ಕೇಳಿರಲಿಲ್ಲ. ಅಭ್ಯಾಸ.

ಸ್ಯೂ ಲಾನ್‌ಳ ಕೈಯೂ ಮೇಲೆದ್ದಿತ್ತು. ಅದೂ ಅಭ್ಯಾಸ. ಆ ಒದ್ದೆ ಹಾಸಿಗೆ, ಬರ್ಮಾ ಕಡೆಯ ಬಸ್ಸು, ಗ್ವಾತ್ ಇಮ್‌ಳ ಮಾತು, ಎಲ್ಲ ಒಟ್ಟಿಗೇ ತಲೆಗೆ ಬಂದವು. ಎದ್ದ ಕೈ ಅರ್ಧದಲ್ಲಿ ನಿಂತಿತು, ಆಮೇಲೆ ಅವಳ ಕೈಚೀಲದ ಪಟ್ಟಿಯನ್ನು ಹಿಡಿದುಕೊಂಡಿತು.

"ನಿನ್ನೆ ಅವ್ರಿಗೆ ಏನು ಹೇಳ್ದೆ ನೀನು?"

"ನನ್ನ ಹತ್ರಾನೇ ಇರುತ್ತೆ ಅಂತ."

"ಮತ್ತೆ? ಹಾಗೇ ಇರ್ಲಿ."

ಸಾಂದಾ ಚಾಚಿದ ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ಪರೀಕ್ಷೆ ಮಾಡುತ್ತಿದ್ದಾರೇನೋ ಅನ್ನುವ ಹಾಗೆ ನೋಡಿದಳು. ಸ್ಯೂ ಲಾನ್ ರಸ್ತೆಯ ಕಡೆ ಮುಖ ಮಾಡಿದಳು. ಹಾಟ್ ಯಾಯ್‌ನಿಂದ ಬಂದ ಮೇಲೆ ಒಂದು ತಿಂಗಳು ಊರಿಗೆ ಹೋಗಿ ಬಾ ಅಂದಳು. ತಮ್ಮನನ್ನು ನೋಡು, ಅಮ್ಮನ ಹೆಸರಲ್ಲಿ ಮಾಡುವುದನ್ನು ಅಲ್ಲೇ ಮಾಡು. ಎರಡು ವರ್ಷ ತಡವಾಯಿತು ಅನ್ನುವುದನ್ನು ಹೇಳಬೇಕೆಂದಿದ್ದಳು, ಬಾಯಿಗೆ ಬರಲಿಲ್ಲ.

"ಅಮಾನ ಯಾರು ಎತ್ತೋದು ಅಕ್ಕಾ?"

"ನಂಗೆ ಹೇಳ್ಕೊಡು."

ಮರುದಿನ ಬೆಳಗ್ಗೆ ಏಳಕ್ಕೆ ಅಮಾಳನ್ನು ಎತ್ತಿದ್ದು ಸ್ಯೂ ಲಾನ್. ಸಾಂದಾ ಪಕ್ಕದಲ್ಲಿ ನಿಂತು ಎಣಿಸಿದಳು. ಇವಳ ಕೈ ಕತ್ತರಿ ಇದ್ದ ಹಾಗಿದೆ ಅಂತ ಅಮಾ ಗೊಣಗಿದಳು, ಆದರೂ ಕುರ್ಚಿಗೆ ಬಂದಳು. ಅಷ್ಟರಲ್ಲಿ ಗ್ವಾತ್ ಇಮ್‌ಳ ಫೋನ್. ಪಾಸ್‌ಪೋರ್ಟ್ ಕಪಾಟಿಗೆ ಹಾಕಿದೆಯಾ ಅಂತ ಕೇಳಿದಳು. ಇಲ್ಲ, ಅವಳ ಹತ್ತಿರ ಇದೆ ಅಂದಳು ಸ್ಯೂ ಲಾನ್.

"ಓಡಿಹೋದ್ರೆ ಏನೇ ಮಾಡ್ತೀಯಾ?"

"ನಾನು ಎತ್ತೋದು ಕಲೀತಾ ಇದೀನಿ ಅತ್ತಿಗೆ. ಭಾನುವಾರ ಹಣ್ಣು ತರ್ಬೇಡಿ, ಬೇಗ ಬನ್ನಿ. ನಿಮ್ಮಮ್ಮನ್ನ ಎತ್ತೋದು ನಿಮಗೂ ಹೇಳ್ಕೊಡ್ತಾಳೆ."

ಸಾಂದಾ ಊರಿಗೆ ಹೋದವಳು ವಾಪಸ್ ಬಂದಳಾ? ಈ ಕಥೆ ಹೇಳಿದಾಗೆಲ್ಲ ಜನ ಮೊದಲು ಕೇಳುವುದು ಅದನ್ನೇ. ಆ ಮರದ ಕೆಳಗೆ ನಿಂತಿದ್ದಾಗ ಸ್ಯೂ ಲಾನ್‌ಗೆ ಅದು ಗೊತ್ತಿರಲಿಲ್ಲ, ಹಾಗಾಗಿ ನಿಮಗೂ ಹೇಳುವುದಿಲ್ಲ. ಮನೆಯಲ್ಲಿ ಎಂಬತ್ತೊಂದರ ಮುದುಕಿ, ಮುಂದೆ ಚಾಚಿದ ಎರಡು ಕೈ, ಅದರಲ್ಲಿ ಆ ಪುಸ್ತಕ. ನಾಳೆ ಏನಾಗುತ್ತದೆ ಅಂತ ಗೊತ್ತಿಲ್ಲದೆ ಅಲ್ಲಿ ನಿಂತವರು ನೀವಾಗಿದ್ದರೆ, ಏನು ಮಾಡುತ್ತಿದ್ದಿರಿ?