ವಾಟ

“ಬಾಯಿ ಮುಚ್ಚೋ ಬೋಳಿಮಗನೆ. ನಿನ್ನನ್ನ ಕರೆಸಿರೋದು ಕೈ ಆಡಿಸೋಕೆ, ನಾಲಿಗೆ ಆಡಿಸೋಕಲ್ಲ.”

ಇಂಜಿನಿಯರ್ ಸಾಹೇಬ ಕೂಗಲಿಲ್ಲ. ಕೈಯಲ್ಲಿದ್ದ ಕಪ್ಪಿನ ಚಹಾ ತುಳುಕದಷ್ಟು ಮೆತ್ತಗೆ ಹೇಳಿದ. ಪೋರ್ಟಿಕೋದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವನ ಕಚೇರಿಯ ನಾಲ್ವರು ಹಲ್ಲು ಬಿಟ್ಟರು. ಬಿಸಿಲಿನಲ್ಲಿ ಬಾಂಡಲಿ ಹಿಡಿದು ನಿಂತಿದ್ದ ಆರು ಜನ ಕೂಲಿಗಳು ನೆಲ ನೋಡಿದರು. ಎಲ್ಲರಿಗಿಂತ ಮೊದಲು ನಕ್ಕವನು ಮೇಸ್ತ್ರಿ.

ಬೈಸಿಕೊಂಡವನು ನೆಲದ ಮಟ್ಟವನ್ನು ಕಣ್ಣಲ್ಲೇ ಅಳೆಯುತ್ತಿದ್ದ, ಅದಕ್ಕೇ ಜೊತೆಯವರು ಮಟ್ಟಗಣ್ಣ ಅಂತ ಕರೆಯುತ್ತಿದ್ದರು. ಅವನು ಹೇಳಿದ್ದು ಇಷ್ಟೇ. ನೆಲ ಗೇಟಿನಿಂದ ಮನೆಯ ಕಡೆಗೆ ಇಳಿಜಾರಾಗಿದೆ. ಕಾರು ಬರುವ ಈ ದಾರಿಯನ್ನು ಎಡಕ್ಕೆ ಎರಡು ಬೆರಳು ತಗ್ಗಿಸಿ ವಾಟ ಕೊಟ್ಟರೆ ನೀರು ಗೋಡೆ ಪಕ್ಕದ ಮೋರಿಗೆ ಹರಿದುಹೋಗುತ್ತದೆ, ಕೊಡದಿದ್ದರೆ ನೇರ ಬಾಗಿಲಿಗೆ ಬರುತ್ತದೆ. ಆದರೆ ಎಡಕ್ಕೆ ಸಾಹೇಬನ ಹೆಂಡತಿ ಹೊಸದಾಗಿ ಹುಲ್ಲು ಬೆಳೆಸಿದ್ದಳು. ಟಾರು ತೊಳೆದ ನೀರು ಹುಲ್ಲಿನ ಹತ್ತಿರ ಸುಳಿಯಕೂಡದು.

“ತಟ್ಟೆ ಥರ ಸಪಾಟಾಗಿರ್ಬೇಕು, ಅಷ್ಟೆ,” ಅಂದ ಸಾಹೇಬ. ಆಮೇಲೆ ಕುರ್ಚಿಗಳ ಕಡೆ ತಿರುಗಿ, “ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನನಗೆ ವಾಟ ಹೇಳಿಕೊಡ್ತಾನೆ ನೋಡ್ರಪ್ಪ. ನಾಳೆಯಿಂದ ಆಫೀಸಿಗೂ ಇವನನ್ನೇ ಕಳಿಸ್ಲಾ?” ಅಂದ.

ಮಟ್ಟಗಣ್ಣ ಬೈಗುಳ ನುಂಗಿದ. ನುಂಗುವುದಕ್ಕೆ ಕಾರಣವಿತ್ತು. ಕಾರಣ ಕಾಂಪೌಂಡಿನ ಮೂಲೆಯಲ್ಲಿ ಸೊಂಟದೆತ್ತರ ಬಿದ್ದಿತ್ತು, ದಾರಿಗೆ ಸುರಿದು ಮಿಕ್ಕ ಕೆರೆದ ಹಳೇ ಟಾರಿನ ರಾಶಿಯಾಗಿ.

ಆ ಟಾರು ಅವನ ಬೀದಿಯದು. ನಾಲ್ಕು ತಿಂಗಳ ಹಿಂದೆ ಹಲ್ಲಿನ ಉರುಳೆಯ ಯಂತ್ರವೊಂದು ಬಂದು, ಅವರ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಕೆರೆದು, ಪುಡಿಯನ್ನು ಲಾರಿಗೆ ಉಗುಳುತ್ತಾ ಹೋಗಿತ್ತು. ಹೊಸ ಟಾರು ಹಾಕ್ತೀವಿ ಅಂತ ಸಾಹೇಬನ ಕಚೇರಿಯವರು ಅಂದಿದ್ದರು. ಹೊಸದು ಬರಲಿಲ್ಲ, ಹಳೆಯದು ಹೋಯಿತು. ಉಳಿದದ್ದು ಮೊನಚು ಜಲ್ಲಿ, ಬೀದಿಯ ಬಾಯಲ್ಲಿ ಮೊಳಕಾಲಾಳದ ಹಳ್ಳ. ಆಟೋದವರು ಅತ್ತ ತಲೆ ಹಾಕಿ ಮಲಗುವುದನ್ನೂ ಬಿಟ್ಟರು.

ಮೂರು ದಿನದ ಹಿಂದೆ ಸಾಹೇಬನ ಅಂಗಳದಲ್ಲಿ ಲಾರಿ ಸುರಿದಾಗ ಕಪ್ಪು ಪುಡಿಯ ನಡುವೆ ನೀಲಿ ಚಕ್ಕೆಗಳು ಕಂಡಿದ್ದವು. ಮಟ್ಟಗಣ್ಣ ಒಂದನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದ. ಅವರ ಬೀದಿಯ ತಿರುವಿನಲ್ಲಿ ಬಣ್ಣ ಬಳಿಯುವವನ ಸೈಕಲ್ಲಿನಿಂದ ಡಬ್ಬಿ ಜಾರಿ ಬಿದ್ದು, ಮಂಚದಗಲ ನೀಲಿ ಹರಡಿ, ಎಷ್ಟು ವರ್ಷವಾದರೂ ಅಳಿದಿರಲಿಲ್ಲ. ಊರಿನಿಂದ ಯಾರೇ ಬರಲಿ, ನೀಲಿ ಹತ್ತಿರ ಇಳ್ಕೊಳ್ಳಿ ಅನ್ನುತ್ತಿದ್ದರು. ಆ ನೀಲಿ ಈಗ ಇಲ್ಲಿ ಸಾಹೇಬನ ಕಾರಿಗೆ ಹಾಸಿಗೆಯಾಗುತ್ತಿತ್ತು. ಮೇಸ್ತ್ರಿಗೆ ತೋರಿಸಿದ್ದಕ್ಕೆ ಅವನು, ಕಣ್ಣು ಮಟ್ಟ ನೋಡೋಕೆ ಇಟ್ಕೊ, ಬೇರೆ ನೋಡಬೇಡ ಅಂದಿದ್ದ.

ಆದರೂ ಮಟ್ಟಗಣ್ಣ ಅವತ್ತೇ ಸಾಹೇಬನ ಮುಂದೆ ನಿಂತು ಕೇಳಿದ್ದ. ಹೊಸ ಟಾರು ಬೇಡ. ಇಲ್ಲಿ ಉಳಿಯುವ ಕೆರೆದ ಟಾರನ್ನೇ ಕೊಡಿ, ಬೀದಿಯ ಬಾಯಿಯ ಹಳ್ಳ ನಾವೇ ಮುಚ್ಚಿ ಗುದ್ದಿಕೊಳ್ಳುತ್ತೇವೆ, ಅಕ್ಕನನ್ನು ಕರೆದೊಯ್ಯಲು ಒಂದು ಆಟೋ ಒಳಗೆ ಬಂದರೆ ಸಾಕು. ಸಾಹೇಬ ಫೋನಿನಿಂದ ಕಣ್ಣೆತ್ತದೆ, “ನೀಟಾಗಿ ಕೆಲಸ ಮಾಡು, ಉಳಿದಿದ್ದು ನಿಂದೇ,” ಅಂದಿದ್ದ.

ಅಕ್ಕ ಇಪ್ಪತ್ತು ವರ್ಷ ಟಾರಿನ ಕೆಲಸ ಮಾಡಿದವಳು. ಅವ್ವ ಸತ್ತಾಗ ನಾಲ್ಕು ವರ್ಷದವನಾಗಿದ್ದ ತಮ್ಮನನ್ನು ಸೊಂಟದಲ್ಲೂ ಜಲ್ಲಿಯ ಬಾಂಡಲಿಯನ್ನು ತಲೆಯ ಮೇಲೂ ಹೊತ್ತು ಸಾಕಿದಳು. ವಾಟ ನೋಡುವುದನ್ನು ಕಲಿಸಿದ್ದೂ ಅವಳೇ. ನೆಲಕ್ಕೆ ಕೆನ್ನೆ ಒತ್ತಿಸಿ ಮಲಗಿಸಿ, ಒಂದು ಕಣ್ಣು ಮುಚ್ಚಿಸಿ, “ನೀನೇ ನೀರು ಅಂದ್ಕೊ. ಈಗ ಎಲ್ಲಿಗೆ ಓಡ್ತೀಯ ಹೇಳು,” ಅನ್ನುತ್ತಿದ್ದಳು. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಆಸ್ಪತ್ರೆಯ ಯಂತ್ರದಲ್ಲಿ ರಕ್ತ ತೊಳೆಸಬೇಕು. ಆಟೋ ನಿಂತ ಮೇಲೆ ತಮ್ಮ ಅವಳನ್ನು ಟವೆಲ್ಲಿನಿಂದ ಬೆನ್ನಿಗೆ ಬಿಗಿದುಕೊಂಡು ದೊಡ್ಡ ರಸ್ತೆಯವರೆಗೆ ಹೊರುತ್ತಿದ್ದ.

“ಲೇ ತಮ್ಮಾ, ಈ ಗಾಡೀಲಿ ಸ್ಪ್ರಿಂಗೇ ಇಲ್ವಲ್ಲೋ,” ಅಂತ ಮೊನ್ನೆ ಬೆನ್ನ ಮೇಲಿಂದ ಅಂದಳು. ನಗುತ್ತಾ ನಡೆದವನ ಕಾಲು ಹಳ್ಳದ ಅಂಚಿನಲ್ಲಿ ಜಾರಿತು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ಅವಳ ಕೈಯೇ ತರಚಿಹೋಯಿತು. ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ತಡ. ಹಾಸಿಗೆಗೆ ಕಾಯುವವರು ಬಹಳ ಜನ ಇದ್ದಾರೆ, ಇನ್ನೊಂದು ಸಲ ತಡವಾದರೆ ಈ ಸರದಿ ಬೇರೆಯವರಿಗೆ ಹೋಗುತ್ತದೆ ಅಂತ ನರ್ಸಮ್ಮ ಹೇಳಿದಳು. ಬೈದು ಹೇಳಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಮುಂದಿನ ಸರದಿ ನಾಳೆ ಬೆಳಗ್ಗೆ ಏಳಕ್ಕೆ.

ಇವತ್ತು ಸಂಜೆ ರಾಶಿ ಬೀದಿಗೆ ಬಿದ್ದರೆ ನಾಳೆ ಆಟೋ ಬರುತ್ತದೆ. ಬೀದಿಯವರು ಕೈಗಾಡಿಗಳನ್ನು ಹೊಂದಿಸಿಕೊಂಡು ಕೂತಿದ್ದರು.

ಅದಕ್ಕೇ ಅವನು ಬೈಗುಳವನ್ನು ನುಂಗಿ ಸಲಿಕೆ ಎತ್ತಿಕೊಂಡ. ಕೆರೆದ ಟಾರಿಗೆ ಒಲೆ ಬೇಡ, ಬಿಸಿಲೇ ಒಲೆ. ಹರಡಿ ರೋಲರ್ ಹೊಡೆದರೆ ಒಳಗಿನ ಹಳೇ ಜಿಡ್ಡು ಎದ್ದು ಕಲ್ಲುಗಳು ಮತ್ತೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಬಿಸಿಯಿರುವ ತನಕ ಹೇಳಿದ ಮಾತು ಕೇಳುತ್ತದೆ. ಹೊತ್ತು ಮುಳುಗಿ ಆರಿತೋ, ಪಿಕಾಸಿಗೂ ಜಗ್ಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಾಲಿಗೆ ಸುತ್ತಿದ್ದ ಗೋಣಿಯ ಒಳಗೂ ಕಾವು ಇಳಿಯಿತು. ಕುಡಿಯುವ ನೀರಿಗೆ ಹೋದವರನ್ನು ಅಡುಗೆಯವಳು ಹಿಂದಿನ ನಲ್ಲಿಗೆ ಅಟ್ಟಿದಳು. ನಾಯಿ ತೊಳೆಯುವ ನಲ್ಲಿ ಅದು.

ಊಟ ಮುಗಿಸಿ ಸಾಹೇಬನ ಹೆಂಡತಿ ಹೊರಗೆ ಬಂದಳು. ಹಿತ್ತಲಿನ ಗೂಡಿನಿಂದ ಬರುವಾಗ ನಾಯಿಯ ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಸೋಫಾ ಎಲ್ಲಾ ಹಾಳು ಅಂತ ಗಂಡನಿಗೆ ಹೇಳಿ, ಮೂಲೆಯ ರಾಶಿಯನ್ನು ಗಲ್ಲದಿಂದ ತೋರಿಸಿದಳು. ಸಾಹೇಬ ಮೇಸ್ತ್ರಿಗೆ ತೋರಿಸಿದ. ಮೇಸ್ತ್ರಿ ಮಟ್ಟಗಣ್ಣನಿಗೆ ತೋರಿಸಿದ.

ಮಟ್ಟಗಣ್ಣನ ಬಾಂಡಲಿ ಕೈಯಲ್ಲೇ ನಿಂತಿತು. “ಸಾಹೇಬ್ರೆ, ಅದು ನಮ್ಮ ಬೀದಿಗೆ ಅಂತ ಹೇಳಿದ್ರಿ.”

“ಹೇಳಿದ್ನಾ?”

“ನಾಳೆ ಅಕ್ಕನ್ನ ಕರ್ಕೊಂಡು ಹೋಗ್ಬೇಕು, ಸಾಹೇಬ್ರೆ. ಅರ್ಧ ರಾಶಿ ಆದ್ರೂ ಬಿಡಿ. ಕಾಲಿಗೆ ಬೀಳ್ತೀನಿ.” ಹೇಳಿದ್ದಷ್ಟೇ ಅಲ್ಲ, ಬಗ್ಗಿಯೂ ಬಗ್ಗಿದ. ಸಾಹೇಬ ಬೂಟು ಹಿಂದಕ್ಕೆಳೆದುಕೊಂಡ. ಕೈಯ ಟಾರು ಹತ್ತುತ್ತದಲ್ಲ.

“ನಿಮ್ಮಕ್ಕನಿಗೆ ಆಟೋ ಯಾಕೋ? ಹೆಂಗೂ ನಿನ್ನ ಮೇಲೇ ಸವಾರಿ ಮಾಡ್ತಾಳಲ್ಲ.”

ಈ ಸಲ ಕುರ್ಚಿಗಳ ಜೊತೆಗೆ ಸಾಹೇಬನ ಹೆಂಡತಿಯೂ ನಕ್ಕಳು. ರೋಲರ್ ಡ್ರೈವರ್ ಮುದುಕ ಮಾತ್ರ ಎಂಜಿನ್ ಆರಿಸಿ ಬೀಡಿಗೆ ತಡಕಾಡಿದ.

ಮಟ್ಟಗಣ್ಣ ಎದ್ದ. ಮೂವತ್ತೆಂಟು ಬಾಂಡಲಿ ಹೊತ್ತ. ಸೊಂಟದೆತ್ತರದ ರಾಶಿ ಹಿತ್ತಲಿಗೆ ಹೋಗಿ ನಾಯಿಯ ದಾರಿಯಾಯಿತು. ದಿಮ್ಮಿಯಿಂದ ತಾನೇ ಗುದ್ದಿ ಗಟ್ಟಿ ಮಾಡಿದ. ನಾಯಿ ಬಂದು ಮೂಸಿ, ನೀಲಿ ಚಕ್ಕೆಯ ಮೇಲೆ ಕಾಲೆತ್ತಿ ಹೋಯಿತು.

ಆಮೇಲೆ ಮುಂದಿನ ಅಂಗಳಕ್ಕೆ ಬಂದು, ದಾರಿಯನ್ನು ಮಟ್ಟ ಮಾಡುವ ಕೊನೆಯ ಕೆಲಸ ಹಿಡಿದ. ಅಷ್ಟು ಶ್ರದ್ಧೆಯಿಂದ ಅವನು ಯಾವ ರಸ್ತೆಯನ್ನೂ ಎಳೆದಿರಲಿಲ್ಲ. ಎಡಕ್ಕೆ ಕೂದಲೆಳೆ ತಗ್ಗಿಲ್ಲ, ಬಲಕ್ಕೆ ಕೂದಲೆಳೆ ಉಬ್ಬಿಲ್ಲ. ಕೆನ್ನೆ ಸುಡುವ ಟಾರಿಗೆ ಮುಖ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದ. ನೀರಾಗಿ ನೋಡಿದ. ಎಲ್ಲಿಗೆ ಓಡುತ್ತೇನೆಂದು ಸರಿಯಾಗಿ ಕಂಡಿತು.

ರೋಲರ್ ಮುದುಕನಿಗೂ ಕಂಡಿರಬೇಕು. ಬಗ್ಗಿ ಪಿಸುಗುಟ್ಟಿದ, “ಲೇ, ಬಾಗಿಲಿಗೆ ಹೋಗುತ್ತಲ್ಲೋ ಇದು.”

“ತಟ್ಟೆ ಥರ ಇರ್ಬೇಕಂತೆ. ಹೊಡಿ ರೋಲರ್.”

ನಾಲ್ಕೂವರೆಗೆ ಕೆಲಸ ಮುಗಿಯಿತು. ದಾರಿ ಕರೀ ಕನ್ನಡಿಯಂತಿತ್ತು. ಧೂಳು ತೊಳೆದು ಹೊಳಪು ತೋರಿಸಬೇಕೆಂದು ಸಾಹೇಬ ಗೇಟಿನ ಹತ್ತಿರ ತಾನೇ ಪೈಪು ಹಿಡಿದು ನಿಂತ. ಬಿಟ್ಟ ನೀರು ಆಚೀಚೆ ನೋಡಲಿಲ್ಲ. ಅಗಲವಾಗಿ ಹರಡಿಕೊಂಡು, ಕರೆದವರ ಮನೆಗೆ ಬರುವ ನೆಂಟರ ಥರ, ಪೋರ್ಟಿಕೋ ಹೊಕ್ಕಿತು. ಕುರ್ಚಿಗಳ ಕಾಲು ಸುತ್ತಿತು. ಹೊಸ್ತಿಲ ಮುಂದೆ ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡಿತು. ಒಳಗಿನಿಂದ, ಕಾರ್ಪೆಟ್ಟು ಕಾರ್ಪೆಟ್ಟು ಅಂತ ಹೆಂಗಸು ಬಡಿದುಕೊಂಡಳು.

ಮೇಸ್ತ್ರಿ ಓಡಿಬಂದು ರಸಮಟ್ಟವನ್ನು ಅಡ್ಡಕ್ಕಿಟ್ಟು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿತ್ತು. “ಮಟ್ಟ ಸರಿಯಾಗೇ ಇದೆ ಸಾರ್,” ಅಂದ, ಅಳುವವನ ಹಾಗೆ. ಸಾಹೇಬ ಗುಳ್ಳೆ ನೋಡಿದ, ಒದ್ದೆಯಾದ ಬೂಟು ನೋಡಿದ, ಪಡುವಣಕ್ಕೆ ಇಳಿದಿದ್ದ ಸೂರ್ಯನನ್ನು ನೋಡಿದ. ಬಿಸಿ ಇನ್ನೊಂದು ಗಂಟೆ. ಆಮೇಲೆ ಇದು ಹೀಗೇ.

ಎಲ್ಲರೂ ತಿರುಗಿ ನೋಡಿದ್ದು ಒಬ್ಬನನ್ನೇ.

“ಮಟ್ಟಗಣ್ಣ,” ಅಂದ ಸಾಹೇಬ. ಮೂರು ದಿನದಲ್ಲಿ ಮೊದಲ ಸಲ ಹಾಗೆ ಕರೆದ. “ಎಲ್ಲಿಂದ ಕೆರೀಬೇಕಪ್ಪ, ಎಷ್ಟು ತಗ್ಗಿಸ್ಬೇಕು, ತೋರಿಸು. ನಾಳೇನೇ ನಿಮ್ಮ ಬೀದಿಗೆ ಒಂದು ಲೋಡು ಕಳಿಸ್ತೀನಿ. ನನ್ನ ಮಾತು ನಂಬು.”

ಎಡಕ್ಕೆ, ಎರಡು ಬೆರಳು. ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗ್ಗೆಯಿಂದ ಅಲ್ಲೇ ಇತ್ತು. ನಾಳೆ ಅನ್ನುವುದೂ ಕಿವಿಗೆ ಬಿತ್ತು. ನಾಳೆ ಏಳಕ್ಕೆ ಅಕ್ಕ ಹಾಸಿಗೆಯ ಮೇಲಿರಬೇಕು. ನಾಳೆಯ ಲೋಡು ಏಳಕ್ಕೆ ಬರುವುದಿಲ್ಲ. ನಾಲ್ಕಕ್ಕೇ ಎದ್ದು ಹೊತ್ತುಕೊಂಡು ಹೊರಡಬೇಕು, ಬೀಳದ ಹಾಗೆ.

ಅವನು ಬಗ್ಗಿ ಅಂಗಾಲಿನ ಗೋಣಿ ಬಿಚ್ಚಿ ಎಸೆದ. ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು, ಎರಡೂ ತುದಿ ಜಗ್ಗಿ, ನೂಲು ಇನ್ನೂ ಗಟ್ಟಿಯಿದೆಯೇ ಅಂತ ನೋಡಿದ. ಹೆಗಲಿಗೆ ಹಾಕಿಕೊಂಡು ನೀರಿಗೆ ಎದುರಾಗಿ ಗೇಟಿನ ಕಡೆ ನಡೆದ.

“ಎಷ್ಟು ಬೆರಳು ಅಂತಾದ್ರೂ ಹೇಳಿ ಹೋಗೋ,” ಹಿಂದಿನಿಂದ ಸಾಹೇಬನ ದನಿ ಬಂತು. “ಲೇ, ನಿನ್ನನ್ನೇ ಕಣೋ ಕೇಳ್ತಿರೋದು.”

ಅವನು ಗೇಟು ದಾಟಿದ.