ಹತ್ತಿದವರು ಸೊನ್ನೆ

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಗ್ಗೆ ಐದು ಗಂಟೆ ಐವತ್ತು ನಿಮಿಷ.

"ಎಬ್ಬಿಸೇ ಆ ಹೆಣಾನ. ಬೆಂಚಿಗೆಲ್ಲ ಕೆಂಪು ಹತ್ತುತ್ತೆ."

ಇಟ್ಟಿಗೆ ಗೂಡಿನ ಯಜಮಾನ ಹೆಣ ಎಂದದ್ದು ಅಚ್ಚಕ್ಕನ ತಮ್ಮನನ್ನು. ಅವನಿನ್ನೂ ಉಸಿರಾಡುತ್ತಿದ್ದ. ಬಸ್ ತಂಗುದಾಣದ ಬೆಂಚಿನ ತುದಿಯಲ್ಲಿ, ಮನುಷ್ಯನೊಬ್ಬ ಎಷ್ಟು ಕಡಿಮೆ ಜಾಗದಲ್ಲಿ ಕೂರಬಹುದೋ ಅಷ್ಟರಲ್ಲಿ ಮುದುಡಿ ಕೂತಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಬಸ್ ಕಚೇರಿಯಿಂದ ಬಂದವನೊಬ್ಬ ತೊಡೆಯ ಮೇಲೆ ರಟ್ಟಿಟ್ಟು, ಅದರ ಮೇಲೆ ಗೆರೆ ಎಳೆದ ಹಾಳೆ ಇಟ್ಟುಕೊಂಡಿದ್ದ. ಯಜಮಾನ ಅವನಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ.

"ನಡೆಯೋಕಾಗಲ್ಲ ಧಣಿ ಇವನಿಗೆ. ಬಸ್ಸು ಬರೋ ತನಕ," ಎಂದಳು ಅಚ್ಚಕ್ಕ.

"ನಡೆಯೋಕಾಗದಿದ್ರೆ ತೆವಳಲಿ. ಇದು ನಮ್ಮಪ್ಪನ ಹೆಸರಲ್ಲಿ ಕಟ್ಟಿಸಿರೋದು, ನಿಮ್ಮಪ್ಪನ ಹೆಸರಲ್ಲಲ್ಲ."

ಹಾಳೆಯವನು ತಲೆಯೆತ್ತಿ ತಮ್ಮನ ಊದಿದ ಪಾದಗಳನ್ನು ನೋಡಿದ. ಆಮೇಲೆ ಹಾಳೆಯ ನೆತ್ತಿಗೆ ತಾರೀಖು ಬರೆದ.

ಅಚ್ಚಕ್ಕ ತಮ್ಮನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನು ಕೂತಿದ್ದ ಕಡೆ ಇಟ್ಟಿಗೆ ಮಣ್ಣಿನ ಕೆಂಪು ಗುರುತು ಬಿದ್ದಿತ್ತು. ಸೆರಗಿನಿಂದ ಅದನ್ನೂ ಒರೆಸಿದಳು.

ಇಟ್ಟಿಗೆ ಗೂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಚ್ಚು ಹಾಕುತ್ತಿದ್ದುದರಿಂದ ಅವಳು ಎಲ್ಲರ ಬಾಯಲ್ಲೂ ಅಚ್ಚಕ್ಕ. ತಮ್ಮ ಅದೇ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದವನು. ಈಗ ಎರಡು ಮೂತ್ರಪಿಂಡವೂ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ದೊಡ್ಡಾಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಕಾಲ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಎರಡು ತಪ್ಪಿದರೆ ಆ ನೀರು ಎದೆಗೂಡಿಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅಚ್ಚಕ್ಕ ಬಾಯಿಪಾಠ ಮಾಡಿಕೊಂಡಿದ್ದಳು. ಆಸ್ಪತ್ರೆ ದಾರಿಗೆ ಇದ್ದದ್ದು ಒಂದೇ ಬಸ್ಸು. ಮುನ್ನೂರು ಕಿಲೋಮೀಟರ್ ಆಚೆಯ ಪಟ್ಟಣದಿಂದ ರಾತ್ರಿಯೆಲ್ಲ ಓಡಿಬಂದು, ಆರೂವರೆಗೆ ಇಲ್ಲಿ ಹಾದು ಮುಂದೆ ಹೋಗುವಂಥದ್ದು.

ಗೂಡಿನವರು ತಂಗುದಾಣದಲ್ಲಿ ಬಸ್ಸು ಹತ್ತುತ್ತಿರಲಿಲ್ಲ. ಆರು ವರ್ಷದ ಹಿಂದೆ, ಮಳೆ ಬಂತೆಂದು ಒಳಗೆ ನಿಂತವರನ್ನು ಯಜಮಾನ ಹೊರಗಟ್ಟಿ, ಅವರ ಕಣ್ಣೆದುರಿಗೇ ಪೈಪು ಹಿಡಿದು ನೆಲ ತೊಳೆಸಿದ್ದ. ಅವತ್ತಿನಿಂದ ಅವರ ಜಾಗ ಕೆಳಗಿನ ತಿರುವಿನ ಮೋರಿ. ಡ್ರೈವರಣ್ಣ ಅಲ್ಲಿ ಗೇರು ಇಳಿಸಿ ಬಸ್ಸನ್ನು ನಡಿಗೆಯ ವೇಗಕ್ಕೆ ತರುತ್ತಿದ್ದ. ಗಂಡಸರು ಜೋತುಬಿದ್ದು, ಹೆಂಗಸರು ಕೈಯೆಳೆಸಿಕೊಂಡು ಹತ್ತುತ್ತಿದ್ದರು. ಇದಕ್ಕೆ ಯಾವ ಕಾಗದವೂ ಇರಲಿಲ್ಲ.

ಹಿಂದಿನ ದಿನ ಕಂಡಕ್ಟರು ಕಿಟಕಿಯಿಂದ ಬಗ್ಗಿ, ನಾಳೆಯಿಂದ ಏಳು ದಿನ ಚೆಕಿಂಗ್ ಇದೆ, ಮೋರಿ ಹತ್ತಿರ ನಿಲ್ಲಿಸಿದರೆ ತಮ್ಮ ನೌಕರಿಗೇ ಕುತ್ತು ಎಂದು ಹೇಳಿಹೋಗಿದ್ದ. ಗೂಡಿನವರಿಗೆ ಅರ್ಥವಾದದ್ದು ಇಷ್ಟು: ಹಾಳೆ ಹಿಡಿದು ಒಬ್ಬ ಬರುತ್ತಾನೆ, ನಿಲ್ದಾಣವಲ್ಲದ ಕಡೆ ಹತ್ತುವವರನ್ನು ಹಿಡಿದು ದಂಡ ಹಾಕುತ್ತಾನೆ. ನಡೆಯಲಾಗದ ತಮ್ಮನಿಗಾಗಿ ಅಚ್ಚಕ್ಕ ಮೊದಲ ಬೆಳಗ್ಗೆ ತಂಗುದಾಣಕ್ಕೇ ಬಂದು ನೋಡಿದ್ದಳು, ಅಲ್ಲಿಂದಲೂ ಎಬ್ಬಿಸಿದ್ದಾಯಿತು. ಆದ್ದರಿಂದ ಆ ಏಳು ದಿನವೂ ಅವರು ಅವನ ಕಣ್ಣಿಗೆ ಬೀಳದ ಹಾಗೆ ಗದ್ದೆಯ ಬದುವಿನ ಮೇಲೆ ಮೂರು ಕಿಲೋಮೀಟರ್ ನಡೆದು, ಆಚೆಯ ಹಿಟ್ಟಿನ ಗಿರಣಿಯ ಹತ್ತಿರ ಬಸ್ಸು ಹತ್ತಿದರು. ತಮ್ಮನನ್ನು ಇಟ್ಟಿಗೆ ಗಾಡಿಯಲ್ಲಿ ಮಲಗಿಸಿ, ಮೇಲೆ ಗೋಣಿ ಹೊದೆಸಿ ತಳ್ಳಿದರು. "ಹಸಿ ಮಾಲು, ಹುಷಾರು," ಎಂದು ಗೋಣಿಯೊಳಗಿಂದ ಅವನು ಒಮ್ಮೆ, ಸುಡದ ಇಟ್ಟಿಗೆ ಸಾಗಿಸುವವರ ಮಾತಿನಲ್ಲೇ, ಹಾಸ್ಯ ಮಾಡಿದ. ಗಾಡಿ ತಳ್ಳುತ್ತಿದ್ದವರು ನಗು ತಡೆಯಲಾರದೆ ಬದುವಿನಿಂದ ಜಾರಿದರು.

ಏಳನೆಯ ದಿನ ಹಾಳೆಯವನು ರಟ್ಟು ಮಡಚಿಕೊಂಡು ಹೋದ. ಎಂಟನೆಯ ದಿನ ಎಲ್ಲರೂ ಮೋರಿಗೆ ಮರಳಿದರು. ಗಂಡಾಂತರ ಕಳೆಯಿತು ಅಂದುಕೊಂಡರು.

ಇಪ್ಪತ್ತೆಂಟರಂದು ತಂಗುದಾಣದ ಗೋಡೆಗೆ ಕಾಗದ ಅಂಟಿತು. ಬೀದಿಯಲ್ಲೇ ಗಾಡಿಯಲ್ಲಿ ಕೂತು ತಮ್ಮ ಅದನ್ನು ಓದಿ ಹೇಳಿದ. ಏಪ್ರಿಲ್ ಒಂದರಿಂದ ಬಸ್ಸು ಈ ದಾರಿಗೆ ಬರುವುದಿಲ್ಲ. ಗೂಡಿನ ಹಿಂದೆ, ಗದ್ದೆಗಳ ಆಚೆ ಹಾದುಹೋಗುವ ಹೊಸ ಹೆದ್ದಾರಿಯಲ್ಲಿ ನಿಲ್ಲದೆ ಹೋಗುತ್ತದೆ.

ಶನಿವಾರ ಅಚ್ಚಕ್ಕ ಬಸ್ ಕಚೇರಿಗೆ ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಡು ಅಂದರು, ಬಿಟ್ಟಳು. ಬರಿಗಾಲಿನ ಮಣ್ಣು ನೋಡಿ, ಒಳಗೆ ಬರಬೇಡ, ಅಲ್ಲಿಂದಲೇ ಹೇಳು ಅಂದರು. ಹೊಸ್ತಿಲಾಚೆ ನಿಂತೇ ಹೇಳಿದಳು. ಮೇಲಧಿಕಾರಿ ಅದೇ ಹಾಳೆಯನ್ನು ತೆಗೆದು ಬೆರಳಿಟ್ಟು ತೋರಿಸಿದ. ಹತ್ತಿದವರು ಎಂಬ ಸಾಲಿನಲ್ಲಿ ದಿನಕ್ಕೊಂದರಂತೆ ಏಳು ಮನೆ, ಏಳೂ ಮನೆಯಲ್ಲಿ ಸೊನ್ನೆ.

"ನಿಮ್ಮೂರಿಂದ ಒಂದು ನರಪಿಳ್ಳೇನೂ ಹತ್ತಿಲ್ಲ. ನಿಮ್ಮ ಯಜಮಾನರೇ ಕೆಳಗೆ ಸಹಿ ಹಾಕಿದಾರೆ, ಇಲ್ಲಿ ಯಾರಿಗೂ ಬಸ್ಸಿನ ಗರಜಿಲ್ಲ ಅಂತ."

"ದಿನಾ ನಲವತ್ತು ಜನ ಹತ್ತುತೀವಿ ಸಾರ್."

"ಮತ್ತೆ ಎಲ್ಲಮ್ಮ ಇದ್ರಿ ಆ ಏಳು ದಿನ?"

ಅಚ್ಚಕ್ಕನಿಗೆ ಸುಳ್ಳು ಹೊಳೆಯಲಿಲ್ಲ.

"ಅಡಗಿದ್ವಿ."

ಒಳಗಿದ್ದ ನಾಲ್ಕೂ ಮೇಜಿನವರು ನಕ್ಕರು. ಒಬ್ಬನಿಗೆ ಕೆಮ್ಮು ಬಂದು ನೀರು ಕುಡಿದ. "ಬಸ್ಸು ಇರೋದು ಪ್ರಯಾಣಿಕರಿಗೆ. ಕಳ್ಳರ ಹಾಗೆ ಅಡಗಿಕೊಳ್ಳೋರಿಗಲ್ಲ," ಎಂದು ಅಧಿಕಾರಿ ಹಾಳೆ ಒಳಗಿಟ್ಟ. ಮರಳಿ ಎಣಿಸಿ ಎಂದು ಅವಳು ಬೇಡಿದಳು. ಮುಂದಿನ ಎಣಿಕೆ ಎರಡು ವರ್ಷದ ನಂತರ ಅಂದರು.

ಯಜಮಾನ ಸಹಿ ಹಾಕಿದ್ದು ಏಕೆಂದು ಗೂಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮೂರು ಸಂಸಾರಗಳು ಅದೇ ಬಸ್ಸು ಹತ್ತಿ, ಕೂಲಿ ಹೆಚ್ಚು ಕೊಡುವ ಬೇರೆ ಗೂಡಿಗೆ ಹೋಗಿಬಿಟ್ಟಿದ್ದವು.

ಏಪ್ರಿಲ್ ಎರಡು, ಮಂಗಳವಾರ. ಗಾಡಿಯನ್ನು ಗದ್ದೆ ದಾಟಿಸಿ ಹೆದ್ದಾರಿಯ ಅಂಚಿಗೆ ತಂದರು. ಕಬ್ಬಿಣದ ತಡೆಯ ಮೇಲಿಂದ ತಮ್ಮನನ್ನು ಎತ್ತಿ ಇಳಿಸಿದರು. ಡ್ರೈವರಣ್ಣ ಅವರನ್ನು ಕಂಡ, ಸ್ಟೇರಿಂಗಿನಿಂದ ಒಂದು ಕೈ ಎತ್ತಿ, ಏನೂ ಮಾಡುವ ಹಾಗಿಲ್ಲ ಎಂಬಂತೆ ಬೆರಳು ಬಿಡಿಸಿದ. ಬಸ್ಸು ಹೋದ ಗಾಳಿಗೆ ಗೋಣಿ ಹಾರಿತು. ಆಂಬ್ಯುಲೆನ್ಸಿಗೆ ಫೋನು ಮಾಡಿದರೆ, ಅಪಘಾತವಾದರೆ ಹೇಳಿ, ವಾರಕ್ಕೆ ಎರಡು ಸಲ ಕರೆದೊಯ್ಯಲು ಇದು ಬಾಡಿಗೆ ಗಾಡಿಯಲ್ಲ ಎಂಬ ಉತ್ತರ ಬಂತು. ಕೊನೆಗೆ ಯಜಮಾನನ ಕಾರಿನ ಮುಂದೆ ಅಚ್ಚಕ್ಕ ಕೈಜೋಡಿಸಿ ನಿಂತಳು.

"ಸೀಟು ಯಾರೇ ತೊಳೆಯೋರು, ನೀನಾ? ಇನ್ನೆರಡು ಗೂಡು ಸುಟ್ಟಾಗಲಿ, ಆಮೇಲೆ ನೋಡೋಣ. ಅವನಿಗೇನು ಅರ್ಜೆಂಟು, ಕೂತು ತಿನ್ನೋನಿಗೆ."

ಗುರುವಾರ ಸಂಜೆಗೆ ತಮ್ಮ ಮಲಗಲಾರದೆ ಹೋದ. ಗೋಡೆಗೆ ಒರಗಿಸಿದರೆ ಮಾತ್ರ ಉಸಿರು. ಮೊಣಕಾಲ ಕೆಳಗೆ ಬೆರಳೊತ್ತಿದರೆ ಗುಳಿ ಬಿದ್ದು, ಅದು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಅವನೆದುರಿಗೇ ಅಚ್ಚಕ್ಕ ಗೂಡಿನವರನ್ನೆಲ್ಲ ಕರೆದು ನಾಳೆ ಏನು ಮಾಡಬೇಕೆಂದು ಹೇಳಿದಳು. ಒಬ್ಬ ಮುದುಕ, ಪೊಲೀಸಿನವರು ಚರ್ಮ ಸುಲಿದುಬಿಡುತ್ತಾರೆ ಅಂದ. ಅವನ ಹೆಂಡತಿ, "ಸುಲಿಯೋಕೆ ಎಲ್ಲಿ ಉಳಿದಿದೆ ನಿನ್ ಮೈಮೇಲೆ," ಎಂದಳು.

ಶುಕ್ರವಾರ ಬೆಳಕು ಹರಿಯುವಾಗ ಅವರು ಹೆದ್ದಾರಿಗೆ ಹಸಿ ಇಟ್ಟಿಗೆ ಸಾಗಿಸಿದರು. ಬಿಸಿಲಲ್ಲಿ ಒಣಗಿದ್ದರೂ ಇನ್ನೂ ಸುಡದ ಮಾಲು. ನಾಲ್ಕು ಗಾಡಿ, ಹೆಂಗಸರ ತಲೆಯ ಮೇಲೆ ಎಂಟೆಂಟು. ಮುದುಕ ಕೆಂಪು ಬಟ್ಟೆ ಹಿಡಿದು ಅರ್ಧ ಕಿಲೋಮೀಟರ್ ಹಿಂದೆ ನಿಂತ. ರಸ್ತೆಗೆ ಅಡ್ಡಲಾಗಿ ಆರು ವರಸೆ ಗೋಡೆ ಎದ್ದಿತು. ದಾರ ಹಿಡಿದು ಕಟ್ಟಿದಷ್ಟು ನೇರವಾಗಿ. ಆ ಕೈಗಳಿಗೆ ಸೊಟ್ಟ ಇಡಲು ಬರುತ್ತಿರಲಿಲ್ಲ.

ಬಸ್ಸು ಗೋಡೆಯ ಮುಂದೆ ಬಂದು ನಿಂತಿತು. ಕಂಡಕ್ಟರು ಬಾಗಿಲು ತೆರೆದ. ಗೂಡಿನವರು ಕೂಗಲಿಲ್ಲ. ತಮ್ಮನನ್ನು ಮೊದಲು ಹತ್ತಿಸಿದರು, ಆಮೇಲೆ ಒಬ್ಬೊಬ್ಬರಾಗಿ ಸಾಲಿನಲ್ಲಿ ಹತ್ತಿದರು.

"ಎಣಿಸ್ಕೋ," ಎಂದಳು ಅಚ್ಚಕ್ಕ ಕೆಳಗಿನಿಂದಲೇ. "ಈ ಜಾಗದ ಹೆಸರು ಹಾಕಿ ಎಲ್ಲರಿಗೂ ಟಿಕೆಟ್ ಕೊಡು."

"ಈ ಜಾಗ ಮಷೀನಲ್ಲಿ ಇಲ್ಲ ಅಕ್ಕ."

"ಪೆನ್ನು ಇದೆಯಲ್ಲ."

ಅವನು ಪೆನ್ನಿನಿಂದಲೇ ಬರೆಯತೊಡಗಿದ. ಮುಂದಿನ ಸೀಟುಗಳಿಂದ ಯಾರೋ, ಈ ಕೊಳಕು ಮುಂಡೇವುಗಳಿಂದ ಕೆಲಸಕ್ಕೆ ತಡ ಎಂದು ಬೈದರು. ಕೆಲಸ ಮುಗಿಸಿ ಊರಿಗೆ ಹೊರಟಿದ್ದ ನರ್ಸ್ ಒಬ್ಬಳು ಮಾತ್ರ ಎದ್ದು ಬಂದು, ತಮ್ಮನ ಎದೆಯ ಮೇಲೆ ಅಂಗೈಯಿಟ್ಟು ಗಡಿಯಾರ ನೋಡಿದಳು.

ಅಷ್ಟರಲ್ಲಿ ಹೆದ್ದಾರಿಯ ಪೊಲೀಸ್ ಜೀಪು ಬಂತು. ನಲವತ್ತೊಂದು ಟಿಕೆಟ್ ಬರೆದಾಗಿತ್ತು. ಗೋಡೆ ಕೆಡವಿಬಿಡುತ್ತೇವೆ, ಬಸ್ಸು ಹೋಗಲಿ ಎಂದು ಅಚ್ಚಕ್ಕ ದಫೇದಾರನಿಗೆ ಹೇಳಿದಳು.

"ಒಂದು ಇಟ್ಟಿಗೆ ಮುಟ್ಟಿದ್ರೂ ಕೈ ಮುರೀತೀನಿ. ಸಾಕ್ಷಿ ಇದು. ಸಾಹೇಬ್ರು ಬಂದು ಅಳತೆ ಮಾಡಿ ಫೋಟೋ ತೆಗೀಬೇಕು."

"ಯಾವಾಗ ಬರ್ತಾರೆ?"

"ತಿಂಡಿ ಮುಗಿಸ್ಕೊಂಡು."

ನರ್ಸ್ ಬಾಗಿಲಿಗೆ ಬಂದು ನಿಂತಳು. "ಉಸಿರು ನಿಮಿಷಕ್ಕೆ ಮೂವತ್ತೆಂಟು ಇದೆ. ತುಟಿ ನೀಲಿ ಆಗ್ತಿದೆ. ತಿಂಡಿ ತನಕ ಇವರು ಇರಲ್ಲ."

ದಫೇದಾರ ಜೀಪಿನ ಕಡೆಗೆ ತಿರುಗಿ ನಡೆದ.

ಹಸಿ ಇಟ್ಟಿಗೆಯ ಮೇಲೆ ಕಾಲಿಡಬಾರದು ಎಂಬುದು ಗೂಡಿನ ಮೊದಲ ಪಾಠ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅಚ್ಚಕ್ಕ ಇಟ್ಟಿರಲಿಲ್ಲ. ಈಗ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಗೋಡೆಯ ನಡುಮಧ್ಯಕ್ಕೆ ಒದ್ದಳು. ಮೇಲಿನ ವರಸೆಗಳು ಉರುಳಿದವು. ಕೆಳಗಿನವನ್ನು ಹಿಮ್ಮಡಿಯಿಂದ ತುಳಿದು ಪುಡಿಮಾಡಿದಳು. ದಫೇದಾರ ಓಡಿಬಂದು ಅವಳ ಜಡೆ ಹಿಡಿದು ಹಿಂದಕ್ಕೆ ಜಗ್ಗಿದ. ಕತ್ತು ಹಿಂದಕ್ಕೆ ವಾಲಿದ್ದರೂ ಅವಳ ಕಾಲು ನಿಲ್ಲಲಿಲ್ಲ. ಬಸ್ಸಿನೊಳಗಿದ್ದ ಗೂಡಿನವರು ಇಳಿಯಲು ಎದ್ದರು. "ಇಳಿದ್ರೆ ನನ್ನಾಣೆ. ಕೂತ್ಕೊಳ್ರೋ ಬೇವರ್ಸಿಗಳಾ, ಟಿಕೆಟ್ ತಗೊಂಡಿದೀರಿ," ಎಂದಳು. ಆಮೇಲೆ ಗಾಜಿನ ಹಿಂದಿನ ಮುಖಕ್ಕೆ, "ಓಡಿಸಣ್ಣ."

ಡ್ರೈವರಣ್ಣ ಒಂದು ಕ್ಷಣ ದಫೇದಾರನನ್ನು ನೋಡಿದ. ಆಮೇಲೆ ಗೇರು ಹಾಕಿದ. ದಫೇದಾರ ಅವಳನ್ನು ಎಳೆದುಕೊಂಡೇ ಪಕ್ಕಕ್ಕೆ ಹಾರಿದ. ಚಕ್ರಗಳು ಮಣ್ಣಿನ ಮೇಲೆ ಹತ್ತಿ ಇಳಿದವು. ಕಿಟಕಿಯಲ್ಲಿ ತಮ್ಮನ ತಲೆ ಕಂಡಿತು. ಅದು ಅವನಾಗಿ ಆಡಿಸಿದ್ದೋ ಬಸ್ಸು ಕುಲುಕಿದ್ದೋ ಅವಳಿಗೆ ತಿಳಿಯಲಿಲ್ಲ.

ಸಾಹೇಬರು ಬರುವ ಹೊತ್ತಿಗೆ ಲಾರಿಗಳು ತುಳಿದು ರಸ್ತೆಯ ಮೇಲೆ ಉಳಿದದ್ದು ಕೆಂಪು ಹುಡಿ ಮಾತ್ರ. ಅಚ್ಚಕ್ಕ ಜೀಪಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಬಸ್ಸು ಆಸ್ಪತ್ರೆ ಮುಟ್ಟಿತೇ ಎಂದು ಎರಡು ಸಲ ಕೇಳಿದ್ದಳು, ಯಾರೂ ಹೇಳಿರಲಿಲ್ಲ. ಸಾಹೇಬರು ಕಾಗದದಲ್ಲಿ ಗೋಡೆಯ ಎತ್ತರ ಎಂಬಲ್ಲಿಗೆ ಬಂದು ನಿಂತರು. ಅಳೆಯಲು ಗೋಡೆಯೇ ಇರಲಿಲ್ಲ.

"ಎಷ್ಟೆತ್ತರ ಇತ್ತೇ?"

ಅವಳು ಎದ್ದು ರಸ್ತೆಯ ನಡುವೆ ಹೋಗಿ, ಬಗ್ಗಿ, ಗಾಳಿಯಲ್ಲಿ ಅಂಗೈ ಚಾಚಿ ಹಿಡಿದಳು. ದಫೇದಾರ ಮಂಡಿಯೂರಿ, ನೆಲದಿಂದ ಅವಳ ಅಂಗೈತನಕ ಟೇಪು ಹಿಡಿದು ಓದಿದ.

ನಲವತ್ತೈದು ಸೆಂಟಿಮೀಟರ್.