ಹುಲಿಗೆವ್ವ ಹಿಂದಿನ ಸೀಟಿಗೆ

ನನ್ನ ಗಂಡ ಯಲ್ಲೇಶ ಬೋಟು ತಂದ ದಿನ ಹೊಂಬಳದ ಅರ್ಧ ಊರು ನಮ್ಮ ಕಣಕ್ಕೆ ಬಂದು ನಿಂತಿತ್ತು. ನೀರಿನಲ್ಲಿರಬೇಕಾದ ಜೀವ ಅದು, ಶೇಂಗಾ ಹೊಟ್ಟಿನ ಬಣವೆಯ ಪಕ್ಕ ಟ್ರೇಲರ್ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿತ್ತು. ಗೋವಾದಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ್ದು. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮಂದಿಯನ್ನು ಸುತ್ತಾಡಿಸುವ ಧಂದೆ ಮಾಡುತ್ತೇನೆ ಅಂತ ಯಲ್ಲೇಶನ ಹಂಚಿಕೆ. ನೆಟ್ಟಗೆ ಈಜಲು ಬಾರದ ಮನುಷ್ಯನಿಗೆ ಈ ಬುದ್ಧಿ ಯಾರು ಕೊಟ್ಟರೋ ನನಗಂತೂ ತಿಳಿಯದು.

ಅದು ವೇಕ್‌ಬೋರ್ಡಿಂಗ್ ಬೋಟು. ಹಿಂದೆ ದೊಡ್ಡ ತೆರೆ ಎಬ್ಬಿಸಲಿಕ್ಕೆಂದೇ ಮಾಡಿದ್ದು. ಹಗ್ಗ ಹಿಡಿದು ಹಲಗೆಯ ಮೇಲೆ ನಿಂತವರು ಆ ತೆರೆ ಹತ್ತಿ ಮೇಲಕ್ಕೆ ಹಾರುತ್ತಾರೆ. ತೆರೆ ಇನ್ನಷ್ಟು ಉಬ್ಬಲಿ ಅಂತ ಬೋಟಿನ ಹೊಟ್ಟೆಯೊಳಗೆ ನೀರು ತುಂಬುವ ಟಾಕಿಗಳೂ ಇವೆ. ಯಲ್ಲೇಶನಿಗೆ ಆ ತೆರೆಯೆಂದರೆ ಪ್ರಾಣ. ದಂಡೆಯ ಮೇಲೆ ನಿಂತವರ ಧೋತರ ತೊಯ್ದರೆ ಅವನಿಗೆ ಮೀಸೆ ಮೇಲೇರುತ್ತದೆ.

ನನ್ನ ನಾದಿನಿ ನೀಲಾಳಿಗೆ ಬೇಕಾದದ್ದು ಇದರ ಪೂರಾ ಉಲ್ಟಾ. ಆಕೆ ಎರಡು ವರ್ಷ ಕಾರವಾರದ ಕಡೆ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದು ಸ್ಲಾಲಮ್ ಕಲಿತು ಬಂದವಳು. ಒಂದೇ ಸ್ಕೀ, ಅಂದರೆ ಉದ್ದನೆಯ ಸಪೂರ ಹಲಗೆ, ಅದರ ಮೇಲೆ ಎರಡೂ ಕಾಲು ಹಿಂದೆ ಮುಂದೆ. ಬೋಟು ಹಗ್ಗದಿಂದ ಎಳೆಯುತ್ತಿರುವಾಗ ಎಡಕ್ಕೆ ಮೂರು, ಬಲಕ್ಕೆ ಮೂರು ತೇಲುಗುಂಡುಗಳನ್ನು ಸುತ್ತಿ ಬರಬೇಕು. ಪ್ರತಿ ಸಲ ಬೋಟಿನ ಹಿಂದಿನ ತೆರೆಯನ್ನು ಅಡ್ಡ ದಾಟಬೇಕಾದ್ದರಿಂದ ನೀರು ಸಾರಿಸಿದ ಅಂಗಳದಂತೆ ಸಪಾಟಾಗಿರಬೇಕು. ತೇಲುಗುಂಡು ಎಲ್ಲಿಂದ ತರೋಣ, ಹಳದಿ ಎಣ್ಣೆ ಕ್ಯಾನುಗಳಿಗೆ ಕಲ್ಲು ಕಟ್ಟಿ ಬಿಟ್ಟಿದ್ದೆವು.

ತರಬೇತಿ ಶಿಬಿರಕ್ಕೆ ಹುಡುಗಿಯರನ್ನು ಆರಿಸುವ ನಿಜಾಮುದ್ದೀನ ಸರ್ ಆಕೆಯನ್ನು ನೋಡಲು ಒಂದು ದಿನ ಹಿನ್ನೀರಿಗೇ ಬರುವವರಿದ್ದರು. ಎರಡು ಅವಕಾಶ, ಒಂದರಲ್ಲಾದರೂ ಆರೂ ಕ್ಯಾನು ಸುತ್ತಬೇಕು. ಮುಂದಿನ ವರ್ಷಕ್ಕೆ ನೀಲಾಳ ವಯಸ್ಸು ಮೀರುತ್ತದೆ. ಆಗಲಿಲ್ಲವೆಂದರೆ ಮರುದಿನದಿಂದ ಬೆಟಗೇರಿಯ ಅಂಗಡಿಯಲ್ಲಿ ಗಿರಾಕಿಗಳು ಕೆಡವಿ ಹೋದ ಸೀರೆ ಮಡಚುವುದು. ಅದರ ಹಿಂದಿನ ದಿನ ಊಟಕ್ಕೆ ಕೂತಾಗ ಆಕೆ ರೊಟ್ಟಿ ಮುರಿದು ಮುರಿದು ಗಂಗಾಳದಲ್ಲಿ ಗುಡ್ಡೆ ಹಾಕಿದಳೇ ಹೊರತು ಒಂದು ತುತ್ತೂ ತಿನ್ನಲಿಲ್ಲ.

ನನ್ನ ಕೆಲಸ ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಆಕೆಯ ಮೇಲೆ ಕಣ್ಣಿಡುವುದು. ಹೆಬ್ಬೆರಳು ಮೇಲೆತ್ತಿದರೆ ಜೋರು, ಕೆಳಗೆ ಮಾಡಿದರೆ ಸಾವಕಾಶ, ಕುತ್ತಿಗೆಯ ಮೇಲೆ ಕೈ ಎಳೆದರೆ ನಿಲ್ಲಿಸು. ಈ ಕೈಸನ್ನೆ ನನ್ನೊಬ್ಬಳಿಗೇ ಗೊತ್ತು. ಅದಕ್ಕೇ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಿಂದಿನ ದಿನದಿಂದ ನಾನು ಮುಟ್ಟಾಗಿದ್ದೆ. ಹೇಳಿದ್ದರೆ ಅತ್ತೆ ನನ್ನನ್ನು ಬೋಟಿನ ಹತ್ತಿರವೂ ಬಿಡುತ್ತಿರಲಿಲ್ಲ, ಏಕೆಂದರೆ ಆ ಮುಂಜಾನೆ ಬೋಟಿಗೆ ಪೂಜೆ ಇತ್ತು.

ನನ್ನ ಅತ್ತೆ ಕಳಕವ್ವ ಮೈಯಲ್ಲೂ ಮಾತಿನಲ್ಲೂ ತೂಕದ ಹೆಂಗಸು. ಮಗಳ ಪರೀಕ್ಷೆ ಎಂದಮೇಲೆ ಹುಲಿಗೆವ್ವನ ದೊಡ್ಡ ಫೋಟೋ ತರಿಸಿ, ಚೆಂಡುಹೂವಿನ ಮಾಲೆ ಹಾಕಿ, ಬೋಟಿನ ಮೂತಿಯಲ್ಲಿ ತಂತಿಯಿಂದ ಬಿಗಿಸಿದಳು. ಕಾಯಿ ಒಡೆಯುವಾಗ ನಾನು ದಂಡೆಯ ಮೇಲೆ ದೂರ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದೆ. ನಿಂಬೆಹಣ್ಣನ್ನು ಯಾವ ಗಾಲಿಯ ಕೆಳಗಿಡಬೇಕೆಂದು ಗಂಡಸರು ಬಹಳ ಹೊತ್ತು ವಾದ ಮಾಡಿ ಕೊನೆಗೆ ಟ್ರೇಲರಿನ ಗಾಲಿಗೇ ಇಟ್ಟು ಸಮಾಧಾನಪಟ್ಟರು.

ಪೂಜೆಗೆ ಬಂದವರು ಪ್ರಸಾದ ತಿಂದು ಮನೆಗೆ ಹೋಗಬೇಕು ತಾನೇ? ಇಲ್ಲ, ಬೋಟು ಹತ್ತಿದರು. ಯಲ್ಲೇಶನೇ ಕೈಹಿಡಿದು ಹತ್ತಿಸಿದ. ಊರ ಹಿರಿಯರಾದ ಬೀರಲಿಂಗಪ್ಪ ಕಾಕಾ ಧೋತರದ ಮೇಲೆ ಲೈಫ್ ಜಾಕೀಟು ಬಿಗಿದುಕೊಂಡು ಮದುಮಗನಂತೆ ಕೂತರು. ಅವರ ಹಿಂದೆ ಅವರ ಮನೆಯವರು, ನಮ್ಮ ಬೀಗರು, ಆಮೇಲೆ ಅತ್ತೆ. ಎಲ್ಲರೂ ಹಿಂದಿನ ಸೀಟಿಗೇ ಒತ್ತಿಕೊಂಡು ಕೂತರು. ಬೋಟಿನ ಮುಂಭಾಗದ ಮೆತ್ತನೆಯ ಸೀಟುಗಳು ಖಾಲಿ. ಅಲ್ಲಿ ಕೂತರೆ ಒಂದೋ ದೇವಿಗೆ ಬೆನ್ನು, ಇಲ್ಲವೇ ದೇವಿಯ ಮುಖಕ್ಕೆ ಕಾಲು. ನಮ್ಮಲ್ಲಿ ಯಾರು ಕೂತಾರು?

ತೆರೆ ತಗ್ಗಲೆಂದು ನೀಲಾ ಟಾಕಿಯ ನೀರು ಖಾಲಿ ಮಾಡಿದ್ದಳು, ಹಗ್ಗವನ್ನು ಮೇಲಿನ ಕಂಬಿಯಿಂದ ಬಿಚ್ಚಿ ಕೆಳಗಿನ ಕೊಂಡಿಗೆ ಕಟ್ಟಿದ್ದಳು. ಅಭ್ಯಾಸದ ದಿನಗಳಲ್ಲಿ ಬೋಟಿನಲ್ಲಿ ಯಲ್ಲೇಶ ಮತ್ತು ನಾನು ಇಬ್ಬರೇ, ಅಷ್ಟು ಮಾಡಿದರೆ ಸಾಕಾಗುತ್ತಿತ್ತು. ಇವತ್ತು ಹಿಂದೆ ಒಂದು ಟಂಟಂ ಆಟೋ ತುಂಬುವಷ್ಟು ಮಂದಿ. ಬೋಟು ಓಡತೊಡಗಿದ್ದೇ ತಡ, ಮೂತಿ ಮೇಲಕ್ಕೆದ್ದು ಹಿಂಭಾಗ ನೀರಿನಲ್ಲಿ ಕುಸಿದು, ಹೊಲದ ಒಡ್ಡಿನಷ್ಟು ಎತ್ತರದ ತೆರೆ ಎದ್ದಿತು. ನೀಲಾ ಮೊದಲ ಕ್ಯಾನು ಸುತ್ತಿದಳು. ಎರಡನೆಯದಕ್ಕೆಂದು ತೆರೆ ದಾಟುವಾಗ ಸ್ಕೀ ಗಾಳಿಯಲ್ಲಿ ಎದ್ದು, ಆಕೆ ತಲೆಕೆಳಗಾಗಿ ನೀರಿಗೆ ಬಿದ್ದಳು.

"ಭಾರೀ ತೆರಿ ಐತಿ ಬಿಡಪಾ," ಅಂದರು ಬೀರಲಿಂಗಪ್ಪ ಕಾಕಾ, ಯಲ್ಲೇಶನ ಬೆನ್ನು ತಟ್ಟುತ್ತ.

ಬೋಟು ತಿರುಗಿ ಆಕೆಯ ಹತ್ತಿರ ಬಂತು. ನೀಲಾ ಬೋಟಿನ ಅಂಚು ಹಿಡಿದು ಕೆಮ್ಮಿ ನೀರು ಉಗುಳಿದಳು.

"ವೈನಿ, ಇವರನ್ನ ಮುಂದ ಕುಂಡ್ರಸು," ಅಂದಳು. "ಹಿಂದ ಭಾರ ಆಗೇತಿ. ಇಲ್ಲಾಂದ್ರ ಮುಗೀತು ನಂದು."

ದಂಡೆಯ ಮೇಲೆ ನಿಜಾಮುದ್ದೀನ ಸರ್ ಒಂದು ಬೆರಳು ಎತ್ತಿ ತೋರಿಸಿದರು. ಇನ್ನೊಂದೇ ಸಲ.

ನಾನು ಗಂಡನಿಗೆ ಹೇಳಿದೆ: "ಏನ್ರಿ, ಇವರನ್ನ ದಂಡಿಗೆ ಇಳಿಸಿ ಬರೂಣು."

"ಹತ್ತಿ ಕುಂತ ಹಿರೇರನ್ನ ಇಳೀರಿ ಅಂತ ಯಾವ ಬಾಯಿಲೆ ಹೇಳ್ಲಿ? ನಾಳೆ ಊರಾಗ ಮಾರಿ ತೋರ್ಸೂದು ಬ್ಯಾಡೇನು?"

ಮಾರಿಯಂತೆ ಮಾರಿ. ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರಿಗೇ ನೇರ ಕೈಮುಗಿದೆ: "ಕಾಕಾರ, ಸ್ವಲ್ಪ ಮುಂದ ಸರದು ಕುಂಡ್ರಿ. ನೀಲಾಗ ತ್ರಾಸ ಆಗಾಕತ್ತೈತಿ."

"ಅವ್ವಗ ಬೆನ್ನ ಮಾಡಿ ಕುಂಡ್ರು ಅಂತೀಯೇನವಾ? ನೀರಿನ ಮ್ಯಾಲ ಅದೀವಿ, ತಿಳದು ಮಾತಾಡು." ಕಾಕಾ ಹೀಗೆಂದಾಗ ಅವರ ಮನೆಯವರು ಗಲ್ಲ ಗಲ್ಲ ಬಡಿದುಕೊಂಡರು. ಅತ್ತೆ ನೀರಿನಲ್ಲಿ ತೇಲುತ್ತಿದ್ದ ಮಗಳನ್ನೇ ನೋಡುತ್ತಿದ್ದಳು.

ಸರಿ, ಮಂದಿ ದೇವಿಯನ್ನು ಬಿಟ್ಟು ಅಲುಗುವುದಿಲ್ಲ ಎಂದಮೇಲೆ ದೇವಿಯನ್ನೇ ಅಲುಗಿಸಬೇಕು. ಎದ್ದು ಬೋಟಿನ ಮೂತಿಗೆ ಹೋದೆ. ತಂತಿಗೆ ಕೈ ಹಾಕಿದೆ. ಖರೆ ಹೇಳುತ್ತೇನೆ, ಹೆದರಿಕೆ ಆಯಿತು. ಹುಟ್ಟಿದಾಗಿನಿಂದ ತಲೆಯಲ್ಲಿ ತುಂಬಿಸಿದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಆದರೆ ನೀಲಾ ಗಂಗಾಳದಲ್ಲಿ ಗುಡ್ಡೆ ಹಾಕಿದ ರೊಟ್ಟಿ ನೆನಪಾಯಿತು. ಅವ್ವಾ, ನೀನೂ ಹೆಣ್ಣೇ, ನಿನಗೆ ಗೊತ್ತಿಲ್ಲದ್ದೇನಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ತಂತಿ ಬಿಚ್ಚಿ ಫೋಟೋ ಎತ್ತಿಕೊಂಡೆ.

"ಏ ಹುಚ್ಚಿ, ಏನ್ ಮಾಡಾಕತ್ತೀಲೇ?" ಅಂದ ಯಲ್ಲೇಶ.

"ಅವ್ವಗ ಬಿಸಲ ಬಡ್ಯಾಕತ್ತೈತಿ. ಹಿಂದ ನೆಳ್ಳಾಗ ಕುಂಡ್ರಸ್ತೀನಿ. ಎಲ್ಲಾರೂ ಜಾಗಾ ಬಿಡ್ರಿ, ದೇವರ ಸರೀಕ ಕುಂಡ್ರೂದು ಚಲೋ ಅಲ್ಲ."

ಯಾರೂ ಏಳಲಿಲ್ಲ. ಕಾಕಾ ಹುಬ್ಬು ಗಂಟಿಕ್ಕಿದರು. ಆಗ ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದಳು. "ಖರೆ ಐತಿ. ಅವ್ವನ ಮಗ್ಗಲಕ ಕುಂಡ್ರಬಾರ್ದು," ಎಂದು ಬೋಟಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಹೋಗಿ ಕೂತಳು. ಆಕೆ ಎದ್ದಮೇಲೆ ಕೂತಿರಲು ಉಳಿದವರಿಗೆ ಏನು ಧೈರ್ಯ, ಕಾಕಾ ಸಮೇತ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ದಬ್ಬಾಡಿಕೊಂಡು ಹೋದರು. ಹಿಂದಕ್ಕೆ ಮುಖ ಮಾಡಿ, ದೇವಿಗೆ ಕೈಮುಗಿದು ಸಾಲಾಗಿ ಕೂತರು. ನಾನು ಫೋಟೋವನ್ನು ಹಿಂದಿನ ಸೀಟಿಗೆ ಒರಗಿಸಿ, ತಂತಿ ಬಿಗಿದು, ಅದರ ಪಕ್ಕ ಕೆಳಗೆ ಕುಕ್ಕರಗಾಲಿನಲ್ಲಿ ಕೂತೆ.

"ಇಷ್ಟ ಮಂದಿ ಎದುರಿಗೆ ಕುಂತ್ರ ನನಗ ದಾರಿ ಹ್ಯಾಂಗ ಕಾಣಬೇಕು?" ಎಂದ ಯಲ್ಲೇಶ.

"ಎದ್ದ ನಿಂತ ಹೊಡೀರಿ," ಅಂದೆ.

ಅವನು ಎದ್ದು ನಿಂತೇ ಹೊಡೆದ. ಬೋಟಿನ ಮೂತಿ ಇಳಿಯಿತು, ಹಿಂಭಾಗ ಎದ್ದಿತು, ಒಡ್ಡಿನಂತಿದ್ದ ತೆರೆ ಇಳಿದು ಗೆರೆಯಷ್ಟಾಯಿತು. ನೀಲಾ ಹೆಬ್ಬೆರಳು ಮೇಲೆತ್ತಿದಳು. ನಾನು "ಜೋರು" ಎಂದು ಒದರಿದೆ. ಆಕೆ ಎಡಕ್ಕೆ ವಾಲಿದಳು, ನೀರು ಗೋಡೆಯಂತೆ ಎದ್ದು ಬಿತ್ತು, ಮೊದಲ ಕ್ಯಾನು ಹಿಂದಾಯಿತು. ಬಲಕ್ಕೆ. ಮತ್ತೆ ಎಡಕ್ಕೆ. ಈಗ ತೆರೆ ಆಕೆಯ ಸ್ಕೀಗೆ ಅಡ್ಡ ಬರಲೇ ಇಲ್ಲ. ಐದನೆಯದರಲ್ಲಿ ಮೈ ನೀರಿಗೆ ತಾಗುವಷ್ಟು ಬಾಗಿ ಒಂದು ಕೈ ಹಗ್ಗದಿಂದ ಜಾರಿತು. ಮತ್ತೆ ಹಗ್ಗ ಹಿಡಿದು ತೆರೆ ದಾಟಿ ಆರನೆಯದನ್ನೂ ಸುತ್ತಿದಳು. ನನಗೆ ಅಳು ಬಂತು, ಅತ್ತೇಬಿಟ್ಟೆ.

ದಂಡೆಗೆ ಬಂದಾಗ ನಿಜಾಮುದ್ದೀನ ಸರ್ ನೀಲಾಳ ಕೈಕುಲುಕಿ, "ಬಟ್ಟಿಬರಿ ಕಟ್ಕೊಳ್ರಿ, ಶಿಬಿರಕ್ಕ ಹೊಂಡೂದೈತಿ," ಅಂದರು. ಯಲ್ಲೇಶ ಬೋಟಿನ ಗುಣಗಾನ ಶುರು ಮಾಡಿದ. "ಅವ್ವ ತಾನಾಗೇ ಹಿಂದ ಬಂದು ಹುಡುಗಿನ್ನ ಕಾದ್ಲು ನೋಡ್ರಿ," ಎಂದು ಬೀರಲಿಂಗಪ್ಪ ಕಾಕಾ ಬಂದುಹೋಗುವವರಿಗೆಲ್ಲ ಹೇಳತೊಡಗಿದರು. ತಾನಾಗೇ ಬಂದಳಂತೆ. ಫೋಟೋ ಹೊತ್ತ ನನ್ನ ರಟ್ಟೆ ನೋಯುತ್ತಿತ್ತು.

ಎಲ್ಲರೂ ಚಹಾಕ್ಕೆ ಹೋದಮೇಲೆ ನಾನು ಫೋಟೋ ಇಳಿಸಲು ಬೋಟಿಗೆ ಹೋದೆ. ಅತ್ತೆ ಹಿಂದೆಯೇ ಬಂದಳು.

"ಇರ್ಲಿ, ನೀ ಇನ್ನ ಮುಟ್ಟಬ್ಯಾಡ. ನಾ ತೊಗೋತೀನಿ."

"ಯಾಕ್ರಿ ಅತ್ತಿ?"

"ನಿನ್ನೆಯಿಂದ ಹೊರಗ ಅದಿ. ಕಾಯಿ ಒಡಿಯುಮುಂದ ಹಗ್ಗದ ಗಂಟು ಬಿಚ್ಚಾಕತ್ತಿದ್ದಿ. ಆ ಹಗ್ಗದಾಗ ಗಂಟು ಎಲ್ಲಿತ್ತು?"

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ಬಾಯಿ ಬಿಟ್ಟಿದ್ರ ನಿನ್ನ ಇಳಿಸ್ತಿದ್ರು. ನಾ ಎದ್ದ ಹೋಗದಿದ್ರ ಆ ಮಂದಿ ಒಬ್ಬರೂ ಏಳ್ತಿದ್ದಿಲ್ಲ." ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹುಡುಗಿ ನಿನ್ನೆ ಒಂದ ತುತ್ತು ಉಂಡಿದ್ದಿಲ್ಲ. ನಾ ನೋಡಿಲ್ಲೇನು?"

ಫೋಟೋ ಎತ್ತಿಕೊಂಡು ನೀರಿನ ಅಂಚಿನಲ್ಲಿ ಕೂತು ಬೊಗಸೆಯಲ್ಲಿ ನೀರು ಹಾಕಿ ತೊಳೆದಳು. ಮಡಿಲಿನಿಂದ ಕುಂಕುಮದ ಪೊಟ್ಟಣ ತೆಗೆದು ದೇವಿಗೆ ಹಚ್ಚಿದಳು. ಬೆರಳಿಗೆ ಇನ್ನೂ ಕುಂಕುಮ ಉಳಿದಿತ್ತು. ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ನನ್ನ ಹಣೆಗೆ ಹಚ್ಚಿದಳು.

"ಮುಂದಿನ ಸಲ ನನಗ ಮೊದಲ ಹೇಳು," ಅಂದಳು. "ನಾನ ಎತ್ತಿ ಇಡ್ತೀನಿ."